ಮೂರರಲ್ಲಿ ಎರಡು ಪಾಲು, ಪೌಂಡಿಗೆ ಒಂದು ಪೆನ್ನಿ

ಒಂದು ಇರುವೆ ಬೆಳಿಗ್ಗೆ 6 ಗಂಟೆಗೆ ಕೆಲಸಕ್ಕಿಳಿಯಿತು. ತಟ್ಟೆಯಲ್ಲಿಟ್ಟಿದ್ದ ಇರುವೆ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಗೂಡಿಗೆ ಸಾಗಿಸತೊಡಗಿತು. ನಡುವೆ ಒಂದು ಗಳಿಗೆಯೂ ಸುಧಾರಿಸಿಕೊಳ್ಳಲಿಲ್ಲ. ರಾತ್ರಿ ಒಂಬತ್ತೂ ಮುಕ್ಕಾಲರ ಹೊತ್ತಿಗೆ 187 ಮರಿಗಳು ಗೂಡು ಸೇರಿದ್ದವು. ಈ ಲೆಕ್ಕ ಇಟ್ಟವರು ಇಂಗ್ಲೆಂಡಿನ ಜಾನ್ ಲಬ್ಬಕ್.

ಲಬ್ಬಕ್ ಅವರದು ಮನೆತನದ ಬ್ಯಾಂಕ್ ವ್ಯವಹಾರ. ಚಿಕ್ಕಂದಿನಲ್ಲೇ ಡಾರ್ವಿನ್ ಅವರ ನೆರೆಯವರಾಗಿ, ಅವರ ಪ್ರೋತ್ಸಾಹದಿಂದ ವಿಜ್ಞಾನಕ್ಕೆ ಬಂದವರು. ಹಳೆ ಶಿಲಾಯುಗ, ಹೊಸ ಶಿಲಾಯುಗ ಅಂತ ಶಾಲೆಯಲ್ಲಿ ಓದುತ್ತೇವಲ್ಲ, ಆ ವಿಂಗಡಣೆಗೆ 1865ರಲ್ಲಿ ಹೆಸರಿಟ್ಟವರೂ ಇವರೇ. ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಇರುವೆಗೆ ಗೊತ್ತಾಗುತ್ತದೆ ಎಂದು ತೋರಿಸಿದ್ದೂ ಇವರೇ. ಆ ಬೆಳಕು ಬಿದ್ದ ಕಡೆಯಿಂದ ಇರುವೆಗಳು ಮರಿಗಳನ್ನು ಎತ್ತಿಕೊಂಡು ಓಡುತ್ತಿದ್ದವು. 1870ರಲ್ಲಿ ಸಂಸತ್ತಿಗೆ ಹೋದ ಲಬ್ಬಕ್, ಮರುವರ್ಷವೇ ಬ್ಯಾಂಕ್ ರಜೆಗಳ ಕಾನೂನು ತಂದರು. ಆಮೇಲೆ ಸುಮಾರು ಮೂರು ದಶಕ ಒಂದೇ ಹಟ ಹಿಡಿದು ಕೂತರು: ಅಂಗಡಿಗಳು ರಾತ್ರಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಬೇಕು.

ಯಾಕೆ ಅಂತ ತಿಳಿಯಲು ಆಗಿನ ಬ್ರಿಟನ್ನಿನ ಒಂದು ಬಟ್ಟೆ ಅಂಗಡಿಯನ್ನು ನೋಡಿ. ಬೆಳಿಗ್ಗೆ ಬಾಗಿಲು ತೆರೆದರೆ ಮುಚ್ಚುವುದು ರಾತ್ರಿ 9ಕ್ಕೋ 10ಕ್ಕೋ. ಶನಿವಾರ ಕೂಲಿ ಬಟವಾಡೆಯ ದಿನ, ಹಾಗಾಗಿ ಆ ದಿನ ಮಧ್ಯರಾತ್ರಿಯವರೆಗೂ ವ್ಯಾಪಾರ. ಕೆಲಸದ ಹುಡುಗ ಹುಡುಗಿಯರು ಎಷ್ಟೋ ಕಡೆ ಅಂಗಡಿಯ ಮೇಲಿನ ಕೋಣೆಯಲ್ಲೇ ಮಲಗಬೇಕು, ಮಾಲೀಕರು ಹಾಕಿದ್ದನ್ನೇ ಉಣ್ಣಬೇಕು. ದಿನವಿಡೀ ನಿಂತೇ ಇರಬೇಕು. ಮೂವರು ಹೆಣ್ಣು ಕೆಲಸಗಾರರಿಗೆ ಒಂದಾದರೂ ಕುರ್ಚಿ ಇಡಿ ಎಂದು ಹೇಳಲು 1899ರಲ್ಲಿ ಒಂದು ಪ್ರತ್ಯೇಕ ಕಾನೂನೇ ಬರಬೇಕಾಯಿತು. ಲಬ್ಬಕ್ ಪಟ್ಟುಬಿಡದೆ 1886ರಲ್ಲಿ ಪಾಸು ಮಾಡಿಸಿದ ಕಾನೂನು, 18 ವರ್ಷದೊಳಗಿನವರಿಗೆ ವಾರಕ್ಕೆ 74 ಗಂಟೆಗಿಂತ ಜಾಸ್ತಿ ಕೆಲಸ ಬೇಡ ಎಂದಿತು. ಆರು ದಿನಕ್ಕೆ ಹಂಚಿದರೆ ದಿನಕ್ಕೆ 12 ಗಂಟೆ 20 ನಿಮಿಷ. ಅದೂ ಹದಿಹರೆಯದವರಿಗೆ. ಇದು ಆಗ ದೊಡ್ಡ ಸುಧಾರಣೆ!

ಇಲ್ಲಿ ಎಲ್ಲರೂ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಕೇಳಿದಾಗಲೆಲ್ಲ ನನ್ನ ತಾಳ್ಮೆ ಕೆಡುತ್ತದೆ. "ಬೇಗ ಮುಚ್ಚಬೇಕು ಅನ್ನಿಸಿದವರು ತಾವೇ ಮುಚ್ಚಬಹುದಿತ್ತು. ಸರಕಾರ ಯಾಕೆ ಮೂಗು ತೂರಿಸಬೇಕು?"

ಆಗುವುದಿಲ್ಲ. ಒಬ್ಬನೇ ಮುಚ್ಚಲು ಆಗುವುದೇ ಇಲ್ಲ. ಇದರಲ್ಲಿ ಯಾರ ದುರಾಸೆಯೂ ಬೇಕಿಲ್ಲ, ಬರೀ ಲೆಕ್ಕ ಸಾಕು. ಒಂದು ಬೀದಿಯಲ್ಲಿ ಎದುರು ಬದುರು ಎರಡು ಬಟ್ಟೆ ಅಂಗಡಿ ಇವೆ ಅಂದುಕೊಳ್ಳಿ. ಊರಿಗೆ ದಿನಕ್ಕೆ ಬೇಕಾದ ಬಟ್ಟೆ ಇಷ್ಟೇ, ಗಿರಾಕಿಗಳು ಒಟ್ಟು 40. ಇಬ್ಬರೂ 8 ಗಂಟೆಗೆ ಮುಚ್ಚಿದರೆ ತಲಾ 20. ಒಬ್ಬರು 10ರವರೆಗೆ ದೀಪ ಉರಿಸಿದರೆ, ಎದುರಿನ ಅಂಗಡಿಯ 4 ಗಿರಾಕಿಗಳು ಇತ್ತ ಬರುತ್ತಾರೆ. ಇವರಿಗೆ 24, ಅವರಿಗೆ 16. ನಾಳೆ ಅವರೂ 10ರವರೆಗೆ ತೆರೆಯುತ್ತಾರೆ. ಮತ್ತೆ ತಲಾ 20. ವ್ಯಾಪಾರ ಮೊದಲಿನಷ್ಟೇ, ಖರ್ಚಾದದ್ದು ಎರಡು ಗಂಟೆಯ ಗ್ಯಾಸ್ ದೀಪ ಮತ್ತು ಎಲ್ಲರ ಕಾಲು. ಈಗ ಒಬ್ಬರಿಗೆ ಬುದ್ಧಿ ಬಂದು 8ಕ್ಕೆ ಮುಚ್ಚಿದರೆ? ಸೀದಾ 16ಕ್ಕೆ ಇಳಿಯುತ್ತಾರೆ. ಹಾಗಾಗಿ ಇಬ್ಬರಿಗೂ ಬೇಡವಾದ ಕಡೆಯೇ ಇಬ್ಬರೂ ನಿಂತುಬಿಡುತ್ತಾರೆ.

ಯಕ್ಷಗಾನಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. ಮುಂದಿನ ಸಾಲಿನವರು ಚೆನ್ನಾಗಿ ಕಾಣಲಿ ಎಂದು ಎದ್ದು ನಿಂತರೆ ಹಿಂದಿನವರು ಏಳಲೇಬೇಕು. ಐದು ನಿಮಿಷದಲ್ಲಿ ಇಡೀ ಬಯಲು ಎದ್ದು ನಿಂತಿರುತ್ತದೆ. ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ, ಎಲ್ಲರ ಕಾಲೂ ನೋಯುತ್ತದೆ. ಕೂತರೆ ಎಲ್ಲರೂ ಒಟ್ಟಿಗೆ ಕೂರಬೇಕು, ಒಬ್ಬನೇ ಕೂತವನಿಗೆ ಕಾಣುವುದು ಬೆನ್ನುಗಳು ಮಾತ್ರ. ಒಬ್ಬರ ಆಯ್ಕೆ ಇನ್ನೊಬ್ಬರ ಆಯ್ಕೆಯ ಮೇಲೆ ನಿಂತಾಗ ಏನಾಗುತ್ತದೆ ಎಂದು ಲೆಕ್ಕ ಹಾಕುವ ಗೇಮ್ ಥಿಯರಿಯವರು ಇಂಥದ್ದಕ್ಕೆ 'ಕೈದಿಗಳ ಇಕ್ಕಟ್ಟು' ಅಂತ ಹೆಸರಿಟ್ಟದ್ದು 1950ರಲ್ಲಿ. ಬ್ರಿಟನ್ನಿನ ಅಂಗಡಿಯವರು ಅದಕ್ಕೂ ನೂರು ವರ್ಷ ಮೊದಲೇ ಅದರೊಳಗೆ ಸಿಕ್ಕಿಬಿದ್ದಿದ್ದರು.

ಅವರು ಪ್ರಯತ್ನಪಡಲಿಲ್ಲ ಅಂತಲ್ಲ. ಬೇಗ ಮುಚ್ಚೋಣ ಎಂದು ಲಂಡನ್ನಿನಲ್ಲಿ 1842ರಲ್ಲೇ ಒಂದು ಸಂಘ ಹುಟ್ಟಿತ್ತು. ಬೀದಿ ಬೀದಿಯಲ್ಲಿ ಮಾತುಕತೆ ಮಾಡಿ ಒಪ್ಪಿಸುತ್ತಿದ್ದರು. ಒಪ್ಪಂದ ಆಗುತ್ತಿತ್ತು, ಒಬ್ಬ ಮುರಿಯುತ್ತಿದ್ದ, ವಾರದೊಳಗೆ ಎಲ್ಲರ ದೀಪವೂ ಮತ್ತೆ ಉರಿಯುತ್ತಿತ್ತು.

ಆಗ ಲಬ್ಬಕ್ ಹಿಡಿದ ದಾರಿ ನನಗೆ ತುಂಬ ಇಷ್ಟ. ಲಂಡನ್ನಿನಲ್ಲಿ ಕೂತು ಇಡೀ ದೇಶಕ್ಕೆ ಇಂತಿಷ್ಟು ಗಂಟೆ ಎಂದು ಹೇಳುವುದು ಅವರಿಗೆ ಬೇಕಿರಲಿಲ್ಲ. 1904ರ ಕಾನೂನು ಹೇಳಿದ್ದು ಇಷ್ಟೇ: ಒಂದು ಊರಿನ ಒಂದು ಬಗೆಯ ಅಂಗಡಿಗಳವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಿದರೆ, ಸ್ಥಳೀಯ ಆಡಳಿತ ಮುಚ್ಚುವ ಹೊತ್ತನ್ನು ಗೊತ್ತುಮಾಡಬಹುದು. ಆಮೇಲೆ ಅದು ಉಳಿದವರಿಗೂ ಅನ್ವಯ. ಸಂಜೆ 7ಕ್ಕಿಂತ ಮುಂಚೆ ಮುಚ್ಚಿಸುವ ಹಾಗಿಲ್ಲ, ವಾರದಲ್ಲಿ ಒಂದು ದಿನ ಮಾತ್ರ ಮಧ್ಯಾಹ್ನ 1ರವರೆಗೆ ತರಬಹುದು. ಅಂದರೆ ಸರಕಾರ ಅಂಗಡಿಯವರ ಮೇಲೆ ತನ್ನ ಇಷ್ಟವನ್ನು ಹೇರಲಿಲ್ಲ. ಅವರಲ್ಲೇ ಇದ್ದ ಇಷ್ಟಕ್ಕೆ ಬೀಗ ಹಾಕಿಕೊಟ್ಟಿತು. ಒಪ್ಪಂದ ಮುರಿಯುವ ಆ ಒಬ್ಬನನ್ನು ಹಿಡಿದಿಟ್ಟರೆ ಸಾಕಿತ್ತು.

ಆದರೂ ತೂತುಗಳಿದ್ದವು. ಔಷಧಿ, ತಂಬಾಕು, ಪತ್ರಿಕೆ ಮಾರುವವರಿಗೆ ವಿನಾಯಿತಿ ಇತ್ತು. ಇನ್ನೊಂದು ತೊಂದರೆ ಗಡಿಯದು. ಈ ಊರಿನವರು 7ಕ್ಕೆ ಮುಚ್ಚಿ, ಮೈಲಿ ದೂರದ ಊರಿನವರು 10ಕ್ಕೆ ಮುಚ್ಚಿದರೆ, ಬೀದಿಯ ಜಗಳ ಊರುಗಳ ಜಗಳವಾಗುತ್ತದೆ, ಅಲ್ವಾ? ಬೇಲಿಯನ್ನು ದೊಡ್ಡದು ಮಾಡಿದಷ್ಟೂ ಈ ಸಮಸ್ಯೆ ಕಡಿಮೆಯಾಗುತ್ತದೆ. ಹಾಗಾಗಿ ಮುಂದಿನ ಹೆಜ್ಜೆ ಇಡೀ ದೇಶಕ್ಕೆ ಇಡಬೇಕಾಯಿತು. ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಮಂಡಿಸಿದ ಮಸೂದೆಯಲ್ಲಿ ವಾರಕ್ಕೆ 60 ಗಂಟೆಯ ಮಿತಿ ಇತ್ತು. ವಿರೋಧಕ್ಕೆ ಬಗ್ಗಿ ಅದನ್ನು ಕೈಬಿಟ್ಟರು. 1911ರ ಕೊನೆಗೆ ಪಾಸಾದ ಕಾನೂನಿನಲ್ಲಿ ಉಳಿದದ್ದು ವಾರಕ್ಕೊಂದು ಅರ್ಧ ದಿನದ ರಜೆ ಮತ್ತು ಊಟದ ಬಿಡುವು. ಯಾವ ದಿನ ಎಂಬುದನ್ನು ಆಯಾ ಊರಿಗೆ ಬಿಟ್ಟರು, ಸಂತೆಯ ದಿನ ಊರೂರಿಗೆ ಬೇರೆಯಲ್ಲವೇ. ಬುಧವಾರವೋ ಗುರುವಾರವೋ ಮಧ್ಯಾಹ್ನ ಇಡೀ ಪೇಟೆ ಬಾಗಿಲು ಹಾಕುವ ಪದ್ಧತಿ ಬ್ರಿಟನ್ನಿನ ಸಣ್ಣ ಊರುಗಳಲ್ಲಿ ಎಷ್ಟೋ ದಶಕ ಉಳಿಯಿತು.

ರಾತ್ರಿಯ ಹೊತ್ತನ್ನು ಕೊನೆಗೂ ಕಟ್ಟಿಹಾಕಿದ್ದು ಯುದ್ಧ. ಕಲ್ಲಿದ್ದಲು ಮತ್ತು ದೀಪ ಉಳಿಸಲು 1916ರಲ್ಲಿ ದೇಶದ ಎಲ್ಲ ಅಂಗಡಿಗಳಿಗೂ ಬೇಗ ಮುಚ್ಚುವ ಆದೇಶ ಬಂತು. ಎಲ್ಲರೂ ಒಟ್ಟಿಗೆ ಮುಚ್ಚಿದಾಗ ಊರಿಗೆ ಬೇಕಾದ ಬಟ್ಟೆ, ಸಕ್ಕರೆ, ಚಹಾ ಹಗಲಲ್ಲೇ ಮಾರಾಟವಾಗುತ್ತಿತ್ತು. ಯುದ್ಧ ಮುಗಿದರೂ ಆದೇಶವನ್ನು ತೆಗೆಯಲಿಲ್ಲ. 1928ರಲ್ಲಿ ಅದನ್ನು ಕಾಯಂ ಮಾಡಿದರು: ರಾತ್ರಿ 8ಕ್ಕೆ, ವಾರದಲ್ಲಿ ಒಂದು ದಿನ 9ಕ್ಕೆ. ಮರುವರ್ಷ ಬ್ರಿಟನ್ನಿನ ಮಂತ್ರಿಮಂಡಲಕ್ಕೆ ಮೊದಲ ಮಹಿಳೆಯಾಗಿ, ಕಾರ್ಮಿಕ ಮಂತ್ರಿಯಾಗಿ ಹೋದವರು ಮಾರ್ಗರೆಟ್ ಬಾಂಡ್‌ಫೀಲ್ಡ್. ಅವರು 14ನೇ ವಯಸ್ಸಿಗೇ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತವರು.

ಸಂಜೆ ಸಿಕ್ಕಿತು. ಆ ಸಂಜೆಯಲ್ಲಿ ಕಾಸು ಕೊಡದೆ ಬೆಚ್ಚಗೆ ಕೂತು ಓದುವ ಜಾಗ ಒಂದೇ, ಊರಿನ ಗ್ರಂಥಾಲಯ. ಅಲ್ಲೂ ಇದೇ ಮೂರರಲ್ಲಿ ಎರಡು ಪಾಲಿನ ಲೆಕ್ಕ ಇತ್ತು. ಗ್ರಂಥಾಲಯಕ್ಕಾಗಿ ಸಂಸತ್ತಿನಲ್ಲಿ ದುಡಿದವರಲ್ಲಿ ಲಬ್ಬಕ್ ಕೂಡ ಒಬ್ಬರು. ಆದರೆ ಶುರು ಮಾಡಿದ್ದು ವಿಲಿಯಂ ಯೂವರ್ಟ್, 1850ರಲ್ಲಿ. 10,000ಕ್ಕಿಂತ ಜಾಸ್ತಿ ಜನರಿರುವ ಪಟ್ಟಣದಲ್ಲಿ ತೆರಿಗೆ ಕಟ್ಟುವವರ ಮತದಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ, ಪೌಂಡಿಗೆ ಅರ್ಧ ಪೆನ್ನಿ ತೆರಿಗೆ ಎತ್ತಬಹುದು. ಆ ದುಡ್ಡಲ್ಲಿ ಕಟ್ಟಡ ಕಟ್ಟಬಹುದು, ಸಂಬಳ ಕೊಡಬಹುದು. ಪುಸ್ತಕ ಕೊಳ್ಳುವ ಹಾಗಿಲ್ಲ! ಪುಸ್ತಕ ದಾನವಾಗಿ ಬರಬೇಕು. ಚರ್ಚೆಯಲ್ಲಿ ಕರ್ನಲ್ ಸಿಬ್‌ಥಾರ್ಪ್ ಎಂಬ ಸದಸ್ಯರು ತಮಗೆ ಓದುವುದೇ ಇಷ್ಟವಿಲ್ಲ, ಆಕ್ಸ್‌ಫರ್ಡ್‌ನಲ್ಲಿದ್ದಾಗಲೂ ಅದನ್ನು ದ್ವೇಷಿಸುತ್ತಿದ್ದೆ ಎಂದು ಎದ್ದು ಹೇಳಿದರು. 1855ರಲ್ಲಿ ಅರ್ಧ ಪೆನ್ನಿ ಒಂದು ಪೆನ್ನಿಯಾಯಿತು, ಪುಸ್ತಕ ಕೊಳ್ಳಲೂ ಬಿಟ್ಟರು. ಅಲ್ಲಿಂದ 1919ರವರೆಗೆ, 64 ವರ್ಷ, ಆ ಒಂದು ಪೆನ್ನಿಯೇ ದೇಶದ ಸಾಮಾನ್ಯ ಮಿತಿ. ಅದನ್ನು ಮೀರಬೇಕಾದರೆ ಆ ಊರು ಸಂಸತ್ತಿನಿಂದ ತನ್ನದೇ ಪ್ರತ್ಯೇಕ ಕಾನೂನು ಮಾಡಿಸಿಕೊಳ್ಳಬೇಕಿತ್ತು.

ಒಂದು ಪೆನ್ನಿ ಅಂದರೆ ಎಷ್ಟು? ಆಗ ಒಂದು ಪೌಂಡಿಗೆ 240 ಪೆನ್ನಿ. ಮನೆ, ಅಂಗಡಿಗಳ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ಈ ತೆರಿಗೆ. ಊರಿನ ಒಟ್ಟು ಮೌಲ್ಯ 24,000 ಪೌಂಡ್ ಇದ್ದರೆ ಗ್ರಂಥಾಲಯಕ್ಕೆ ವರ್ಷಕ್ಕೆ 100 ಪೌಂಡ್. ಅಷ್ಟರಲ್ಲೇ ಗ್ರಂಥಪಾಲಕರ ಸಂಬಳ, ಕಲ್ಲಿದ್ದಲು, ಗ್ಯಾಸು, ಕಸ ಗುಡಿಸುವವರ ಕೂಲಿ. ಉಳಿದರೆ ಪುಸ್ತಕ.

ಈ ಹೊತ್ತಿಗೆ ಆಂಡ್ರ್ಯೂ ಕಾರ್ನೆಗಿ ಬಂದರು. ಉಕ್ಕಿನಲ್ಲಿ ದುಡ್ಡು ಮಾಡಿದ ಸ್ಕಾಟ್ಲೆಂಡಿನ ಈ ನೇಕಾರನ ಮಗ ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳಿಗೆ ಹಣ ಕೊಟ್ಟರು. ಮೊದಲನೆಯದು 1883ರಲ್ಲಿ ತೆರೆದದ್ದು ಅವರು ಹುಟ್ಟಿದ ಡನ್‌ಫರ್ಮ್‌ಲಿನ್‌ನಲ್ಲಿ. ಅವರ ಷರತ್ತು ಒಂದು: ಕಟ್ಟಡ ನನ್ನದು, ನಡೆಸುವ ಖರ್ಚು ಊರಿನದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಊರಿನ ಕೈ ಪೆನ್ನಿಗೆ ಕಟ್ಟಿತ್ತು. ಸಣ್ಣ ಊರಿಗೆ ದೊಡ್ಡ ಕಟ್ಟಡ ಬಂದಾಗ ಅದನ್ನು ಬೆಚ್ಚಗಿಡುವುದಕ್ಕೇ ಪೆನ್ನಿ ಮುಗಿಯುತ್ತಿತ್ತು. ಕಾರ್ನೆಗಿ ಹೆಸರಿನ ಟ್ರಸ್ಟ್ ಆಕ್ಸ್‌ಫರ್ಡ್‌ನ ಪ್ರೊಫೆಸರ್ ಆಡಮ್ಸ್ ಅವರಿಂದ ಒಂದು ವರದಿ ಬರೆಸಿತು. 1915ರ ಆ ವರದಿ ಇದನ್ನೇ ಬಿಡಿಸಿ ಹೇಳಿತು. ಪುಕ್ಕಟೆ ಕಟ್ಟಡ ಅಂದರೆ ಸುಮ್ನೆ ಖುಷಿಪಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನೂ ಒಳಗಿನ ಒಂದು ದೋಷವಿತ್ತು. ಅದನ್ನು ಕಂಡಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಪೆನ್ನಿ ಲೆಕ್ಕ ಹಾಕುತ್ತಿದ್ದದ್ದು ಕಟ್ಟಡದ ಮೌಲ್ಯದ ಮೇಲೆ, ಊರಿನ ಒಟ್ಟು ತೆರಿಗೆಯ ಮೇಲಲ್ಲ. ಎರಡರ ನಡುವಿನ ವ್ಯತ್ಯಾಸ ನೋಡಿ. 1914ರಿಂದ 1918ರೊಳಗೆ ಬೆಲೆಗಳು ಹೆಚ್ಚುಕಡಿಮೆ ಎರಡು ಪಟ್ಟಾದವು. ಕಟ್ಟಡಗಳ ಮೌಲ್ಯಮಾಪನ ಅಷ್ಟು ಬೇಗ ಬದಲಾಗುವುದಿಲ್ಲ. ಹಾಗಾಗಿ ಚರಂಡಿಗೆ, ರಸ್ತೆಗೆ, ಶಾಲೆಗೆ ದುಡ್ಡು ಸಾಲದಾದಾಗ ಊರಿನವರು ತೆರಿಗೆಯ ದರವನ್ನೇ ಏರಿಸಿದರು. ಪೌಂಡಿಗೆ 6 ಶಿಲಿಂಗ್ (ಒಂದು ಶಿಲಿಂಗ್ ಅಂದರೆ 12 ಪೆನ್ನಿ) ಇದ್ದದ್ದು 10 ಶಿಲಿಂಗ್ ಆಯಿತು ಅಂದುಕೊಳ್ಳಿ. ಚರಂಡಿಯ ಪಾಲು ಏರುತ್ತದೆ. ಗ್ರಂಥಾಲಯದ ಪಾಲು? ಅದೇ ಒಂದು ಪೆನ್ನಿ, ಕೊಳ್ಳುವ ಶಕ್ತಿಯಲ್ಲಿ ಅರ್ಧ ಪೆನ್ನಿ. 1919ರ ಡಿಸೆಂಬರಿನಲ್ಲಿ ಪಾಸಾದ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಮಿತಿಯನ್ನು ಕಿತ್ತುಹಾಕಿತು, ಹಳ್ಳಿಗಾಡಿನ ಕೌಂಟಿಗಳಿಗೂ ಗ್ರಂಥಾಲಯ ನಡೆಸುವ ಅಧಿಕಾರ ಕೊಟ್ಟಿತು.

ಇದಾದ ಐದು ವರ್ಷಕ್ಕೆ, 1924ರಲ್ಲಿ, ಮದ್ರಾಸಿನ ಗಣಿತದ ಮೇಷ್ಟ್ರೊಬ್ಬರು ಗ್ರಂಥಾಲಯ ಶಾಸ್ತ್ರ ಓದಲು ಲಂಡನ್ನಿಗೆ ಹೋದರು. ಅವರೇ ಎಸ್.ಆರ್. ರಂಗನಾಥನ್. ಅಲ್ಲಿನ ಊರೂರ ಗ್ರಂಥಾಲಯಗಳನ್ನು ನೋಡಿ ಬಂದ ಮೇಲೆ ಭಾರತಕ್ಕೂ ಗ್ರಂಥಾಲಯ ಕಾನೂನು ಬೇಕೆಂದು ಕೊನೆಯವರೆಗೂ ಹೋರಾಡಿದರು. ಅವರ ಪ್ರಯತ್ನದಿಂದ 1948ರಲ್ಲಿ ಬಂದ ಮದ್ರಾಸ್ ಕಾನೂನಿನಲ್ಲಿ ಗ್ರಂಥಾಲಯ ಕರ ಆಸ್ತಿ ತೆರಿಗೆಯ ಮೇಲೇ ಕೂತಿತು. ತೆರಿಗೆಯ ಪ್ರತಿ ರೂಪಾಯಿಗೆ 6 ಪೈ. ಆಗ ರೂಪಾಯಿಗೆ 192 ಪೈ, ಅಂದರೆ 32ರಲ್ಲಿ ಒಂದು ಪಾಲು. ದರ ಗಟ್ಟಿಯಾಗಿಯೇ ಇದೆ, ಆದರೆ ಊರು ತೆರಿಗೆ ಏರಿಸಿದಾಗ ಗ್ರಂಥಾಲಯದ ದುಡ್ಡೂ ತಾನಾಗಿ ಏರುತ್ತದೆ. ಬ್ರಿಟನ್ನಿನ ಪೆನ್ನಿಗೆ ಇಲ್ಲದಿದ್ದ ಗುಣ ಇದು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಮದ್ರಾಸ್ ಪ್ರಾಂತದಲ್ಲೇ ಇದ್ದವು.

ಕರ್ನಾಟಕದ 1965ರ ಕಾನೂನು ಇದೇ ಜಾಡಿನದು. ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟುವವರು ರಸೀದಿಯಲ್ಲಿ ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ತೆರಿಗೆಯ 100 ರೂಪಾಯಿಗೆ 6 ರೂಪಾಯಿ. ಆದರೆ ನಮ್ಮಲ್ಲಿ ಬೇರೆಯದೇ ಒಂದು ತೊಡಕು ಸೇರಿಕೊಂಡಿದೆ. ಬ್ರಿಟನ್ನಿನಲ್ಲಿ ಪೆನ್ನಿ ಎತ್ತುತ್ತಿದ್ದದ್ದೂ, ಗ್ರಂಥಾಲಯ ನಡೆಸುತ್ತಿದ್ದದ್ದೂ ಒಂದೇ ನಗರಸಭೆ. ನಮ್ಮಲ್ಲಿ ಎತ್ತುವುದು ಸ್ಥಳೀಯ ಸಂಸ್ಥೆ, ನಡೆಸುವುದು ರಾಜ್ಯದ ಗ್ರಂಥಾಲಯ ವ್ಯವಸ್ಥೆ. ಒಂದು ಕೈಯಿಂದ ಇನ್ನೊಂದು ಕೈಗೆ ದುಡ್ಡು ದಾಟಬೇಕು. ಎತ್ತಿದ ಸಂಸ್ಥೆಗೆ ಅದನ್ನು ದಾಟಿಸುವ ಆತುರ ಇರುವುದಿಲ್ಲ, ಅದರ ಬಳಿ ಬೇರೆ ನೂರು ಖರ್ಚು ಕಾದು ಕೂತಿರುತ್ತವೆ. ಗ್ರಂಥಾಲಯ ಕರದ ಬಾಕಿ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ಅದಕ್ಕೆ ದರ ಏರಿಸುವುದು ಮದ್ದಲ್ಲ. ತೆರಿಗೆ ಕಟ್ಟಿದ ಕೂಡಲೇ ಆ 6 ರೂಪಾಯಿ ಬೇರೆ ಖಾತೆಗೆ ಹೋಗಿ ಬೀಳುವ ಹಾಗೆ ಮಾಡಬೇಕು. ತೆರಿಗೆಯನ್ನು ಆನ್‌ಲೈನ್‌ನಲ್ಲೇ ಕಟ್ಟುವ ಈ ಕಾಲದಲ್ಲಿ ಅದು ಕಷ್ಟದ ಕೆಲಸವೂ ಅಲ್ಲ.