ಗಾಜಿನ ಗೋಡೆ ಯಾರಿಗೋಸ್ಕರ?

ಹಿಂದೆ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಒಂದು ಆಫೀಸಿನಲ್ಲಿ ನನ್ನ ಸೀಟು ಪಶ್ಚಿಮದ ಗಾಜಿಗೆ ಅಂಟಿಕೊಂಡೇ ಇತ್ತು. ಮಧ್ಯಾಹ್ನ ಮೂರಾದರೆ ಬಿಸಿಲು ಸೀದಾ ಮುಖಕ್ಕೆ. ಆಗ ಬ್ಲೈಂಡ್ಸ್ ಇಳಿಸುತ್ತಿದ್ದೆವು, ಕತ್ತಲಾಯಿತು ಅಂತ ಲೈಟ್ ಹಾಕುತ್ತಿದ್ದೆವು, ಆಮೇಲೆ ಏಸಿ ಜಾಸ್ತಿ ಮಾಡಿಸುತ್ತಿದ್ದೆವು. ಒಮ್ಮೆ ಯಾರೋ ಗಾಜಿಗೆ ಚಾರ್ಟ್ ಪೇಪರ್ ಅಂಟಿಸಿದರು. ಅದು ಉಳಿದಿದ್ದು ಎರಡೇ ದಿನ. ಹೊರಗಿನಿಂದ ನೋಡಿದರೆ ಚೆನ್ನಾಗಿ ಕಾಣುವುದಿಲ್ಲ, ತೆಗೆಯಿರಿ ಅಂತ ಮೇಲ್ ಬಂತು.

ಹೊರಗಿನಿಂದ! ಗೋಡೆ ಇರುವುದು ಒಳಗಿನವರಿಗೆ ಅಲ್ವಾ?

ನಮ್ಮ ಕಡೆ ಹಾಗೇ ಇತ್ತು. ಕರಾವಳಿಯಲ್ಲಿ ಸೂರು ಗೋಡೆ ದಾಟಿ ಮುಂದೆ ಚಾಚಿರುತ್ತಿತ್ತು. ಮಳೆ ಗೋಡೆಗೆ ಬಡಿಯುತ್ತಿರಲಿಲ್ಲ, ಬಿಸಿ ಗಾಳಿ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಹಳೇ ಬೆಂಗಳೂರಿನ ಬಂಗಲೆಗಳಲ್ಲಿ ಕಿಟಕಿ ಮೇಲೆ ಮರದ ಪಟ್ಟಿಗಳ ಟೋಪಿ, ಅದೇ ಮಂಕಿ ಟಾಪ್. ಗೋಡೆಯ ಮೇಲ್ಗಡೆ ವೆಂಟಿಲೇಟರ್. ಗಾಜಿನ ದೊಡ್ಡ ಕಟ್ಟಡ ಅಂದರೆ ಲಾಲ್‌ಬಾಗಿನ ಗಾಜಿನ ಮನೆ, 1889ರಲ್ಲಿ ಅಡಿಗಲ್ಲು ಹಾಕಿದ್ದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಮಾಡಿದ್ದು, ಆದರೆ ಒಳಗಿದ್ದದ್ದು ಗಿಡಗಳು. ಅದೂ ಕೆಳಗೆ ಸುತ್ತ ತೆರೆದೇ ಇದೆ.

ಮನುಷ್ಯರನ್ನು ಗಾಜಿನೊಳಗೆ ಕೂರಿಸಿ ಪೂರ್ತಿ ಮುಚ್ಚುವ ಪ್ರಯೋಗದ ಕಥೆ ಪ್ಯಾರಿಸ್ಸಿನದು. ಅಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ 1933ರಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಗಾಗಿ ನಿರ್ಗತಿಕರ ವಸತಿಗೃಹ ಕಟ್ಟಿದ. ದಕ್ಷಿಣದ ಮುಖ ಪೂರ್ತಿ ಗಾಜು, ತೆರೆಯುವ ಕಿಟಕಿಯೇ ಇಲ್ಲ. ಅವನ ಲೆಕ್ಕದಲ್ಲಿ ಎರಡು ಪದರ ಗಾಜು ಇತ್ತು, ತಂಪು ಮಾಡುವ ಯಂತ್ರವೂ ಇತ್ತು; ಖರ್ಚು ಉಳಿಸಲು ಎರಡನ್ನೂ ಕೈಬಿಟ್ಟರು. ಚಳಿಗಾಲ ಹೇಗೋ ಕಳೆಯಿತು. ಬೇಸಿಗೆ ಬಂದಾಗ ಒಳಗಿದ್ದವರು ಬೆಂದುಹೋದರು. ಕೊನೆಗೆ ಅಧಿಕಾರಿಗಳು ಒತ್ತಾಯ ಮಾಡಿ ಕಿಟಕಿ ಇಡಿಸಿದರು, ಯುದ್ಧ ಮುಗಿದ ಮೇಲೆ ದುರಸ್ತಿಯಾದಾಗ ಅದೇ ಮುಖಕ್ಕೆ ಕಾಂಕ್ರೀಟಿನ ಬಿಸಿಲುತಡೆ ಬಂತು. ಮುಂದೆ ಚಂಡೀಗಢದಲ್ಲಿ ಅವನ ಕಟ್ಟಡಗಳ ತುಂಬ ಅದೇ ಬಿಸಿಲುತಡೆಗಳು. ಅವನು ಪಾಠ ಕಲಿತ. ಜಗತ್ತು ಕಲಿಯಲಿಲ್ಲ.

ಕಾರಣ ಸರಳ. ಅಷ್ಟರಲ್ಲಿ ಏಸಿ ಸಾಮಾನ್ಯವಾಗುತ್ತಾ ಬಂತು. ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಸಿ ನುಣುಪು ಹಾಳೆ ಮಾಡುವ ವಿಧಾನವನ್ನು 1959ರಲ್ಲಿ ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ತೋರಿಸಿತು. ಮೊದಲು ಎರಡೂ ಬದಿ ಉಜ್ಜಬೇಕಿತ್ತು, ಇನ್ನು ಬೇಡ. ಗಾಜು ಅಗ್ಗವಾಯಿತು. ನ್ಯೂಯಾರ್ಕಿನಲ್ಲಿ ಚಂದ ಕಂಡದ್ದು ದುಬೈಯಲ್ಲೂ ಚಂದ, ಬೆಂಗಳೂರಿನಲ್ಲೂ ಚಂದ.

1973ರಲ್ಲಿ ತೈಲ ಬಿಕ್ಕಟ್ಟು ಬಂದಾಗ ವಿದ್ಯುತ್ ಉಳಿಸಬೇಕು ಅಂತ ಅಮೆರಿಕದಲ್ಲಿ ಕಟ್ಟಡಗಳನ್ನು ಇನ್ನೂ ಬಿಗಿಯಾಗಿ ಮುಚ್ಚಿದರು. ಹೊರಗಿನ ಗಾಳಿ ಒಳಗೆ ತಂದು ತಂಪು ಮಾಡುವುದು ದುಬಾರಿ, ಹಾಗಾಗಿ ಗಾಳಿಯನ್ನೇ ಕಡಿಮೆ ಮಾಡೋಣ ಎಂಬ ಯೋಚನೆ. ಅಲ್ಲಿನ ಏಸಿ, ಗಾಳಿ ವ್ಯವಸ್ಥೆಯ ಎಂಜಿನಿಯರುಗಳ ಸಂಘ ಆಶ್ರೇ, ಅದರ 1981ರ ಮಾನದಂಡದಲ್ಲಿ ಸಿಗರೇಟು ಸೇದದ ಆಫೀಸಿಗೆ ತಲೆಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಸಾಕು ಅಂದರು. ಜನರಿಗೆ ತಲೆನೋವು, ಕಣ್ಣುರಿ, ಸುಸ್ತು. ಮನೆಗೆ ಹೋದರೆ ಸರಿಹೋಗುತ್ತಿತ್ತು! ಇದಕ್ಕೆ ಸಿಕ್ ಬಿಲ್ಡಿಂಗ್ ಸಿಂಡ್ರೋಮ್ ಅಂತ ಹೆಸರೂ ಬಂತು. 1989ರಲ್ಲಿ ಆಫೀಸಿನ ಆ 5 ಅನ್ನು 20ಕ್ಕೆ ಏರಿಸಿದರು. ಅಂದರೆ ಕರೆಂಟಿನ ಲೆಕ್ಕ ಹಾಕುವಾಗ ಉಸಿರಾಡುವವರನ್ನೇ ಮರೆತಿದ್ದರು.

ಕಿಟಕಿ ಇದ್ದರೆ ಸಾಲದು, ಅದರಾಚೆ ಏನಿದೆ ಅನ್ನುವುದೂ ಮುಖ್ಯ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ನೋಡಿದ. ಅರ್ಧ ಜನರ ಕಿಟಕಿಗೆ ಮರ ಕಾಣುತ್ತಿತ್ತು, ಇನ್ನರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಕಡಿಮೆ ಬೇಕಾಯಿತು. ಸಣ್ಣ ಅಧ್ಯಯನ, ನಿಜ.

ಇನ್ನು ಬೆಂಗಳೂರು. ಸುಮಾರು 920 ಮೀಟರ್ ಎತ್ತರದ ಊರು, ವರ್ಷದ ಬಹುಪಾಲು ಕಿಟಕಿ ತೆಗೆದರೆ ಸಾಕು. ಅಂಥ ಊರಲ್ಲೇ ಐಟಿ ಬಂದ ಮೇಲೆ ಗಾಜಿನ ಡಬ್ಬಗಳು ಸಾಲಾಗಿ ಎದ್ದವು. ಬೇಗ ಏಳುತ್ತದೆ, ಗೋಡೆ ತೆಳ್ಳಗಾದ್ದರಿಂದ ಬಾಡಿಗೆಗೆ ಜಾಗ ಜಾಸ್ತಿ ಸಿಗುತ್ತದೆ. ಗಾಜು ಹಾಕುವವರು ಬಿಲ್ಡರ್, ಕರೆಂಟ್ ಬಿಲ್ ಕಟ್ಟುವವರು ಬಾಡಿಗೆದಾರರು. ಮತ್ತೇನು ಬೇಕು? ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯಕ್ಕೂ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಉತ್ತರ, ದಕ್ಷಿಣಕ್ಕೆ ಸಾಧಾರಣ ಸಜ್ಜಾ ಸಾಕು. ಪಶ್ಚಿಮದ ಸೂರ್ಯ ಮಾತ್ರ ಸಜ್ಜಾದ ಕೆಳಗಿಂದ ನುಗ್ಗುತ್ತಾನೆ. ಅಲ್ಲಿ ಬೇಕಾದದ್ದು ಗೋಡೆ, ಮೆಟ್ಟಿಲು, ಲಿಫ್ಟು. ಅಲ್ಲಿಗೇ ಗಾಜು ಹಾಕಿ ನನ್ನನ್ನು ಕೂರಿಸಿದ್ದರು.

ಬೇರೆ ದಾರಿ ಗೊತ್ತಿರಲಿಲ್ಲ ಅಂತಲ್ಲ. ದೊಮ್ಮಲೂರಿನಲ್ಲಿ ಇಂಧನ ಸಂಶೋಧನಾ ಸಂಸ್ಥೆ ಟೆರಿಯ ಕಟ್ಟಡ ನೋಡಿ, ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರದು. ದಕ್ಷಿಣಕ್ಕೆ ಗಬ್ಬು ನಾರುವ ಚರಂಡಿ, ಗಾಳಿಯೂ ಅಲ್ಲಿಂದಲೇ. ಆ ಕಡೆಗೆ ಎರಡು ಪದರದ ಗೋಡೆ ಕಟ್ಟಿ ಹೊರಗೆ ಕಪ್ಪು ಕಡಪ ಕಲ್ಲು ಹಾಕಿದರು. ಕಲ್ಲು ಬಿಸಿಲಿಗೆ ಕಾಯುತ್ತದೆ, ನಡುವಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದರ ಜಾಗಕ್ಕೆ ಉತ್ತರದ ಕಡೆಯಿಂದ ಒಳ್ಳೆಯ ಗಾಳಿ ಒಳಗೆ ಬರುತ್ತದೆ. ಶಾಖವನ್ನೇ ಫ್ಯಾನ್ ಮಾಡಿಕೊಂಡಿದ್ದಾರೆ.

ಸರ್ಕಾರದ ನಿಯಮಗಳೂ ನಿಧಾನವಾಗಿ ಬಂದವು. ಆಫೀಸಿನಂಥ ವಾಣಿಜ್ಯ ಕಟ್ಟಡಗಳಿಗೆ ಇರುವ 2007ರ ಇಂಧನ ಸಂಹಿತೆಯಲ್ಲಿ, ಬೇರೆ ಲೆಕ್ಕ ತೋರಿಸದೆ ನೇರವಾಗಿ ಪಾಲಿಸುವ ಪಟ್ಟಿಯ ಪ್ರಕಾರ ಗೋಡೆಯ 60% ತನಕ ಗಾಜಿಗೆ ಅವಕಾಶ ಇತ್ತು, 2017ರಲ್ಲಿ ಅದು 40%ಕ್ಕೆ ಇಳಿಯಿತು. ಮನೆಗಳಿಗೆ 2018ರಲ್ಲಿ ಇಕೋ ನಿವಾಸ್ ಸಂಹಿತೆ ಬಂತು. ಇದರಲ್ಲಿ ನನಗೆ ಇಷ್ಟವಾದ ಒಂದು ಅಂಕಿ ಇದೆ. ಬೆಂಗಳೂರಿನಂಥ ಹವಾಮಾನದಲ್ಲಿ, ತೆರೆಯಬಹುದಾದ ಕಿಟಕಿ ಬಾಗಿಲ ಜಾಗ ನೆಲದ ವಿಸ್ತೀರ್ಣದ ಕನಿಷ್ಠ 12.5% ಇರಬೇಕು. ಗಾಜು ಎಷ್ಟು ಅಂತಲ್ಲ, ತೆರೆಯುವುದು ಎಷ್ಟು ಅಂತ.

ಲೆಕ್ಕ ಇಡೀ ಮನೆಗೆ, ಆದರೂ ಒಂದು ರೂಮಿಗೆ ಹಾಕಿ ನೋಡಿ. 100 ಚದರಡಿ ರೂಮಿಗೆ ಹನ್ನೆರಡೂವರೆ ಚದರಡಿ ತೆರೆಯಬೇಕು. ಬಿಲ್ಡರ್ ತೋರಿಸುವ ಐದಡಿ ಅಗಲ, ನಾಲ್ಕಡಿ ಎತ್ತರದ ಸ್ಲೈಡಿಂಗ್ ಕಿಟಕಿ 20 ಚದರಡಿ. ಭರ್ಜರಿಯಾಗಿ ಕಾಣುತ್ತದೆ. ಆದರೆ ಒಂದು ಬಾಗಿಲು ಇನ್ನೊಂದರ ಹಿಂದೆ ಸರಿದರೆ ತೆರೆಯುವುದು ಹತ್ತೇ. ಫ್ಲ್ಯಾಟ್ ನೋಡಲು ಹೋದಾಗ ಟೇಪ್ ಜೇಬಲ್ಲಿರಲಿ.