ಓಪನ್ ಆಕ್ಸೆಸ್ ಅಂದ್ರೆ ಎಷ್ಟು ಓಪನ್?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೊಲ ಇದ್ದವರಿಗೆ ಸವಳು ಏನಂತ ಹೇಳಿಕೊಡಬೇಕಾಗಿಲ್ಲ. ತುಂಗಭದ್ರಾ ಕಾಲುವೆ ಬಂತು, ಭತ್ತ ಬಂತು, ನೀರು ನಿಂತೂ ನಿಂತೂ ಮಣ್ಣಿನ ಮೇಲೆ ಬಿಳಿ ಉಪ್ಪೂ ಬಂತು. ಇದರ ಮೇಲೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ಖರ್ಚು ಸರ್ಕಾರದ್ದು, ಅಂದರೆ ನಮ್ಮದೇ. ಆದರೆ ಇಂಥ ಕೆಲಸದ ಫಲಿತಾಂಶ ದೊಡ್ಡ ವಿದೇಶಿ ಪ್ರಕಾಶಕರ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದರೆ, ಒಂದೇ ಒಂದು ಲೇಖನ ಓದೋಕೆ ಸಾವಿರಾರು ರೂಪಾಯಿ ಕಟ್ಟಿ ಅನ್ನುವ ಪುಟ ಎದುರಾಗಬಹುದು. ಆ ದುಡ್ಡಲ್ಲಿ ಲೇಖನ ಬರೆದವರಿಗೆ ಒಂದು ಪೈಸೆಯೂ ಸಿಗೋದಿಲ್ಲ.

ಈ ಅಡ್ಡಿ ತೆಗೆಯುವ ಪದ್ಧತಿಗೆ ಓಪನ್ ಆಕ್ಸೆಸ್ ಅಂತಾರೆ. ಕನ್ನಡದಲ್ಲಿ ಮುಕ್ತ ಪ್ರವೇಶ ಅಂತಲೂ ಬರೆಯುತ್ತಾರೆ. 2002ರ ಫೆಬ್ರವರಿಯಲ್ಲಿ ಹೊರಬಿದ್ದ ಬುಡಾಪೆಸ್ಟ್ ಘೋಷಣೆ ಇದಕ್ಕೊಂದು ಸ್ಪಷ್ಟ ಅರ್ಥ ಕೊಟ್ಟಿತು. ಯಾರು ಬೇಕಾದರೂ ಪುಕ್ಕಟೆ ಓದಬಹುದು, ಇಳಿಸಿಕೊಳ್ಳಬಹುದು, ಪ್ರತಿ ಮಾಡಬಹುದು, ಹಂಚಬಹುದು. ಕಾನೂನಿಗೆ ಒಪ್ಪುವ ಯಾವ ಕೆಲಸಕ್ಕಾದರೂ ಬಳಸಬಹುದು. ಬರೆದವರ ಹೆಸರು ಹೇಳಬೇಕು, ಅವರು ಬರೆದದ್ದನ್ನು ತಿರುಚಬಾರದು, ಅಷ್ಟೇ.

ಇದರಲ್ಲಿ ಎರಡು ಹಕ್ಕು ಇವೆ ನೋಡಿ: ಓದೋದು, ಬಳಸೋದು. ಮೊದಲನೆಯದು ಸಿಕ್ಕಿದ ಕೂಡಲೇ ಎರಡನೆಯದೂ ಸಿಕ್ತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಪುಕ್ಕಟೆ ಕಂಡದ್ದೆಲ್ಲ ಪುನಃ ಅಚ್ಚು ಹಾಕಿಸಿ ಹಂಚುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಅನುವಾದದ ಹಕ್ಕು ಕೂಡ ಕೃತಿಸ್ವಾಮ್ಯ ಇದ್ದವರದೇ. ನಮ್ಮ ಸೀಮೆಗೆ ನಿಜವಾಗಿ ತಟ್ಟೋದು ಇದೇ. ಸಂಶೋಧನೆ ಜಾಸ್ತಿ ಇರೋದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತಂದು ಹಂಚುವ ಅನುಮತಿ ಇಲ್ಲದಿದ್ದರೆ ಓಪನ್ ಅನ್ನೋದು ಅರ್ಧ ತೆರೆದ ಬಾಗಿಲು.

ಅನುಮತಿ ಇದೆಯೋ ಇಲ್ಲವೋ ಎಲ್ಲಿ ನೋಡೋದು? ಲೇಖನದ ಮೊದಲ ಪುಟದ ಅಡಿಯಲ್ಲಿ, ಯಾರೂ ಓದದ ಸಣ್ಣ ಅಕ್ಷರದ ಸಾಲಿನಲ್ಲಿ. ಕೆಲವೊಮ್ಮೆ ಕೊನೆಯ ಪುಟದಲ್ಲೂ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಒಂದು ವೃತ್ತದೊಳಗೆ ಎರಡು 'ಸಿ' ಅಕ್ಷರ ಇರುತ್ತವೆ: ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಅಂದರೆ ಕೃತಿಸ್ವಾಮ್ಯ ಇದ್ದವರು ಎಲ್ಲರಿಗೂ ಮೊದಲೇ ಕೊಟ್ಟಿಡುವ ಅನುಮತಿ. ಪಕ್ಕದಲ್ಲಿ ಮನುಷ್ಯನ ಗುರುತು ಮಾತ್ರ ಇದ್ದರೆ ಹೆಸರು ಹೇಳಿ ಏನಾದರೂ ಮಾಡಿ, ಮಾರಿದರೂ ಸರಿ. ಹಣದ ಚಿಹ್ನೆಗೆ ಗೆರೆ ಎಳೆದಿದ್ದರೆ ವ್ಯಾಪಾರ ಬೇಡ. ತಿರುಗುವ ಬಾಣ ಇದ್ದರೆ ನೀವು ಮಾಡಿದ ರೂಪಾಂತರವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಸಮ ಚಿಹ್ನೆ, ಅಂದರೆ ಎರಡು ಅಡ್ಡಗೆರೆ ಇದ್ದರೆ ಅನುವಾದ ಮಾಡಿ ಹಂಚುವಂತಿಲ್ಲ. ಕನ್ನಡದವರು ಮೊದಲು ಹುಡುಕಬೇಕಾದ ಗುರುತು ಈ ಸಮ ಚಿಹ್ನೆಯೇ.

ಒಂದು ಒಳ್ಳೆಯ ಉದಾಹರಣೆ ಶೋಧಗಂಗಾ. ಪಿಎಚ್‌ಡಿ ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲೇ ನಿಯಮ ಮಾಡಿತು. ಅವು ಸೇರುವ ಅಂತರ್ಜಾಲದ ಭಂಡಾರ ಇದು. ಅಲ್ಲಿನ ಪರವಾನಗಿಯಲ್ಲಿ ಮನುಷ್ಯ, ಹಣಕ್ಕೆ ಗೆರೆ, ಬಾಣ ಮೂರೂ ಇವೆ. ಸಮ ಚಿಹ್ನೆ ಇಲ್ಲ. ಅಂದರೆ ಬಳ್ಳಾರಿಯ ಇತಿಹಾಸದ ಮೇಲಿನ ಒಂದು ಅಧ್ಯಾಯವನ್ನು ಕನ್ನಡ ಮಾಡಿ ಊರಿನ ಗ್ರಂಥಾಲಯಕ್ಕೆ ಸುಮ್ನೆ ಕೊಡಬಹುದು, ಮಾರುವಂತಿಲ್ಲ. ಕೃಷಿಯ ಪ್ರಬಂಧಗಳಿಗೆ ಕೃಷಿಕೋಶ್ ಅಂತ ಬೇರೆ ಭಂಡಾರ ಇದೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದವೂ ಅಲ್ಲಿ ಸಿಗುತ್ತವೆ.

ಸರ್ಕಾರದ ನೀತಿಗಳೂ ಇವೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) 2013ರಲ್ಲಿ, ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ, ಅಂದರೆ ಡಿಎಸ್‌ಟಿ ಮತ್ತು ಡಿಬಿಟಿ ಇಲಾಖೆಗಳು 2014ರಲ್ಲಿ ನೀತಿ ತಂದವು. ತಿರುಳು ಒಂದೇ: ನಮ್ಮ ದುಡ್ಡಲ್ಲಿ ಮಾಡಿದ ಸಂಶೋಧನೆಯ ಲೇಖನದ ಒಂದು ಪ್ರತಿ ಸಾರ್ವಜನಿಕ ಭಂಡಾರದಲ್ಲಿ ಇಡಿ. ಇದಕ್ಕೆ ಹಸಿರು ದಾರಿ ಅಂತಾರೆ, ಖರ್ಚಿಲ್ಲ. ಬಂಗಾರದ ದಾರಿಯಲ್ಲಿ ಪತ್ರಿಕೆಯೇ ಲೇಖನವನ್ನು ಮುಕ್ತವಾಗಿ ಬಿಡುತ್ತದೆ, ಆದರೆ ಎಷ್ಟೋ ಪತ್ರಿಕೆಗಳು ಅದರ ಶುಲ್ಕವನ್ನು ಲೇಖಕರಿಂದ ಕೀಳುತ್ತವೆ. ಹೆಸರಾಂತ ವಿಜ್ಞಾನ ಪತ್ರಿಕೆ ನೇಚರ್ 2020ರಲ್ಲಿ ಪ್ರಕಟಿಸಿದ ದರ ಲೇಖನವೊಂದಕ್ಕೆ 9,500 ಯೂರೋ! ಓದುಗರ ಜೇಬಿನ ಬದಲು ಲೇಖಕರ ಜೇಬು, ಅಷ್ಟೇ ವ್ಯತ್ಯಾಸ. ನನ್ನ ಮಟ್ಟಿಗೆ ನಮ್ಮಂಥ ವಿಶ್ವವಿದ್ಯಾಲಯಗಳಿಗೆ ಹಸಿರು ದಾರಿಯೇ ವಾಸಿ.

ಇನ್ನೊಂದು ಗೊಂದಲ ಈಚೆಗೆ ಶುರುವಾಗಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒಂದು ದೇಶ ಒಂದು ಚಂದಾ' ಯೋಜನೆಯನ್ನೂ ಕೆಲವರು ಓಪನ್ ಆಕ್ಸೆಸ್ ಅನ್ನುತ್ತಿದ್ದಾರೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳಿಗೆ ಚಂದಾ ಕಟ್ಟುವ ಯೋಜನೆ ಅದು. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಅನುಕೂಲವೇ, ಇಲ್ಲ ಅನ್ನೋದಿಲ್ಲ. ಆದರೆ ಅದು ಸಂಸ್ಥೆಯ ಲಾಗಿನ್ ಇದ್ದವರಿಗೆ ಮಾತ್ರ. ಮಾನ್ವಿಯ ರೈತನಿಗೆ, ಕೊಪ್ಪಳದ ಪತ್ರಕರ್ತನಿಗೆ ಬೀಗ ಹಾಗೇ ಇದೆ.

ಹಾಗಂತ ಪರವಾನಗಿ ಇಲ್ಲದ ಲೇಖನದಿಂದ ಏನೂ ಮಾಡೋಕಾಗಲ್ಲ ಅಂತಲ್ಲ. ಕೃತಿಸ್ವಾಮ್ಯ ಇರೋದು ಬರವಣಿಗೆಗೆ, ಅದರೊಳಗಿನ ಸಂಗತಿಗಲ್ಲ. ಸವಳು ಹೊಲದಲ್ಲಿ ತೂತಿನ ಪೈಪು ಹೂತು ನೀರು ಬಸಿಯೋದು ಹೇಗೆ ಅಂತ ಓದಿ ತಿಳಿದು, ನಿಮ್ಮದೇ ಮಾತಿನಲ್ಲಿ ಬರೆದು ಕರಪತ್ರ ಮಾಡಲು ಯಾರ ಅಪ್ಪಣೆಯೂ ಬೇಡ. ಎಲ್ಲಿಂದ ತಿಳೀತು ಅಂತ ಹೆಸರು ಹಾಕಿ. ಪೂರ್ತಿ ಅನುವಾದವೋ, ಅದರ ಚಿತ್ರ, ನಕ್ಷೆಗಳೋ ಬೇಕಾದರೆ ಮೊದಲು ಲೇಖಕರಿಗೆ ಬರೆಯಿರಿ. ಅವರ ಇಮೇಲ್ ಸಾಮಾನ್ಯವಾಗಿ ಮೊದಲ ಪುಟದಲ್ಲೇ ಇರುತ್ತದೆ. ಹಕ್ಕನ್ನು ಅವರು ಪ್ರಕಾಶಕರಿಗೆ ಬರೆದುಕೊಟ್ಟಿದ್ದರೆ, ಅಲ್ಲಿ ಯಾರನ್ನು ಕೇಳಬೇಕು ಅಂತ ಅವರೇ ಹೇಳುತ್ತಾರೆ.