ಬ್ಯಾಂಕಾಕ್‌ನಲ್ಲಿ ಎಟಿಎಂ ಶುಲ್ಕ: ಸಲಕ್ಕೊಂದು ಕಡಿತ, ನೂರಕ್ಕಿಷ್ಟು ಕಡಿತ

ವಿದೇಶದ ಎಟಿಎಂನಲ್ಲಿ ಹಣ ತೆಗೆದ ಮೇಲೆ ಖಾತೆಯಿಂದ ಎಷ್ಟು ಹೋಯಿತು ಎಂದು ನೋಡಿದಾಗ ಮೊದಲ ಬಾರಿ ಹೋದವರೆಲ್ಲರಿಗೂ ಒಂದೇ ಗೊಂದಲ. ಕೈಗೆ ಬಂದದ್ದು 2,000 ಬಾತ್, ಅಂದರೆ ಹೆಚ್ಚುಕಡಿಮೆ 5,000 ರೂಪಾಯಿ; ಖಾತೆಯಿಂದ ಹೋದದ್ದು ಸುಮಾರು 6,000. ನಡುವಿನ ಸಾವಿರ ರೂಪಾಯಿ ಯಾರ ಪಾಲಾಯಿತು ಎಂಬುದನ್ನು ಬಿಡಿಸಿ ನೋಡುವುದೇ ಈ ಟಿಪ್ಪಣಿಯ ಉದ್ದೇಶ. ಉದಾಹರಣೆಗೆ ಬ್ಯಾಂಕಾಕ್ ನಗರವನ್ನೇ ಆಯ್ದುಕೊಂಡಿದ್ದೇನೆ. ಬೆಂಗಳೂರಿನಿಂದ ನೇರ ವಿಮಾನವಿರುವ ಕಾರಣ ನಮ್ಮಲ್ಲಿ ಅನೇಕರು ಮೊದಲ ಬಾರಿಗೆ ಹೊರದೇಶದ ಯಂತ್ರಕ್ಕೆ ಕಾರ್ಡು ತೂರಿಸುವುದು ಅಲ್ಲಿಯೇ. ಅಷ್ಟೇ ಅಲ್ಲದೆ, ವಿದೇಶೀ ಕಾರ್ಡುಗಳ ಮೇಲಿನ ಶುಲ್ಕ ಅಲ್ಲಿ ಎದ್ದು ಕಾಣುವಷ್ಟು ದೊಡ್ಡದು. (ಬಾತ್ ಎಂದಾಗ ವಾಂಗೀಬಾತ್ ನೆನಪಾಗುವುದು ಸಹಜ. ಇಲ್ಲಿ ಮುಂದೆ ಬರುವ ಬಾತ್ ಎಲ್ಲವೂ ಥಾಯ್ಲೆಂಡಿನ ನಾಣ್ಯವೇ.)

ಒಂದು ಸಲ ಹಣ ತೆಗೆದರೆ ಎಷ್ಟು ಕೈಗಳು

ನಮ್ಮ ಕಾರ್ಡು ಕೊಟ್ಟದ್ದು ಇಲ್ಲಿಯ ಬ್ಯಾಂಕು, ಯಂತ್ರ ಇಟ್ಟದ್ದು ಅಲ್ಲಿಯ ಬ್ಯಾಂಕು, ಇವೆರಡರ ನಡುವೆ ಲೆಕ್ಕ ಚುಕ್ತಾ ಮಾಡುವುದು ವೀಸಾ, ಮಾಸ್ಟರ್‌ಕಾರ್ಡ್‌ನಂತಹ ಜಾಲ. ಬಾತನ್ನು ರೂಪಾಯಿಗೆ ತಿರುಗಿಸುವ ದರವನ್ನು ಆ ದಿನಕ್ಕೆ ಈ ಜಾಲವೇ ಗೊತ್ತುಮಾಡುತ್ತದೆ. ಆ ದರ ಮಾರುಕಟ್ಟೆಯ ದರಕ್ಕೆ ಬಹಳ ಹತ್ತಿರವಿರುತ್ತದೆ. ನಷ್ಟವಾಗುವುದು ಅಲ್ಲಿ ಅಲ್ಲ. ನಷ್ಟವಾಗುವುದು ಎರಡು ತುದಿಗಳಲ್ಲಿ.

ಅಲ್ಲಿಯ ತುದಿಯಲ್ಲಿ, ಯಂತ್ರವಿಟ್ಟ ಬ್ಯಾಂಕು ಪ್ರತಿ ಸಲಕ್ಕೂ ಒಂದು ನಿಗದಿತ ಶುಲ್ಕ ಪಡೆಯುತ್ತದೆ. ಥಾಯ್ ಬ್ಯಾಂಕುಗಳು 2009ರಲ್ಲಿ 150 ಬಾತ್‌ನಿಂದ ಆರಂಭಿಸಿದ ಈ ಶುಲ್ಕ ಮೆಟ್ಟಿಲು ಮೆಟ್ಟಿಲಾಗಿ ಏರಿ, ಹಲವು ವರ್ಷಗಳಿಂದ 220 ಬಾತ್ ಎಂಬುದು ರೂಢಿಯ ಮೊತ್ತವಾಗಿದೆ. ಅದಕ್ಕಿಂತ ಹೆಚ್ಚು ಕೇಳುವ ಯಂತ್ರಗಳೂ ಇವೆ. ಇಲ್ಲಿಯ ತುದಿಯಲ್ಲಿ, ನಮ್ಮ ಬ್ಯಾಂಕು ಎರಡು ರೀತಿಯಲ್ಲಿ ಕಡಿಯುತ್ತದೆ: ವಿದೇಶದ ಎಟಿಎಂ ಬಳಸಿದ್ದಕ್ಕೆ ಸಲಕ್ಕಿಷ್ಟು ಎಂದು ಒಂದು, ಕರೆನ್ಸಿ ಬದಲಿಸಿದ್ದಕ್ಕೆ ನೂರಕ್ಕಿಷ್ಟು ಎಂದು ಇನ್ನೊಂದು. ಎರಡನೆಯದಕ್ಕೆ ಬ್ಯಾಂಕಿನವರು ಮಾರ್ಕಪ್ ಎನ್ನುತ್ತಾರೆ. ಸಾಮಾನ್ಯ ಡೆಬಿಟ್ ಕಾರ್ಡುಗಳಲ್ಲಿ ಶೇ. 3.5 ಎಂಬುದು ಪದೇಪದೇ ಕಾಣುವ ಅಂಕಿ. ಈ ಶುಲ್ಕಗಳ ಮೇಲೆ ಶೇ. 18 ಜಿಎಸ್‌ಟಿ ಬೇರೆ.

ಇಷ್ಟು ತಿಳಿದರೆ ವಿಷಯದ ತಿರುಳು ಸಿಕ್ಕಂತೆ. ಕಡಿತಗಳು ಎಷ್ಟೇ ಹೆಸರಿನಲ್ಲಿ ಬಂದರೂ ಅವುಗಳ ಜಾತಿ ಎರಡೇ: ಸಲದ ಕಡಿತ ಮತ್ತು ಶೇಕಡಾ ಕಡಿತ. ಸಲದ ಕಡಿತಕ್ಕೆ ಮದ್ದು ಸಲಗಳನ್ನು ಕಡಿಮೆ ಮಾಡುವುದು. ಶೇಕಡಾ ಕಡಿತಕ್ಕೆ ಅದು ನಾಟುವುದಿಲ್ಲ. ಒಮ್ಮೆ ತೆಗೆದರೂ ಹತ್ತು ಸಲ ತೆಗೆದರೂ ಅದು ಅಷ್ಟೇ, ಅದಕ್ಕೆ ಕಾರ್ಡನ್ನೇ ಬದಲಿಸಬೇಕು. ಪ್ರಯಾಣದ ಸಲಹೆಗಳನ್ನು ಓದುವಾಗ ಈ ಎರಡನ್ನು ಬೆರೆಸಿಕೊಂಡು ಹೇಳುವವರೇ ಹೆಚ್ಚು. ಆದ್ದರಿಂದಲೇ ‘ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶೀ ಹಣ ತುಂಬಿಸಿಕೊಂಡ ಕಾರ್ಡು) ಇದ್ದರೆ ಶುಲ್ಕವೇ ಇಲ್ಲ’ ಎಂಬಂತಹ ಅರ್ಧಸತ್ಯಗಳು ಹರಡಿವೆ. ಥಾಯ್ ಬ್ಯಾಂಕಿನ 220 ಬಾತ್ ನಮ್ಮ ಕಾರ್ಡು ಯಾವುದು ಎಂದು ನೋಡಿ ಬಿಡುವಂತಹದಲ್ಲ.

ಲೆಕ್ಕ ಹಾಕಿ ನೋಡೋಣ

ಅನುಕೂಲಕ್ಕಾಗಿ ಒಂದು ಬಾತ್‌ಗೆ 2.50 ರೂಪಾಯಿ, ಮಾರ್ಕಪ್ ಶೇ. 3.5, ನಮ್ಮ ಬ್ಯಾಂಕಿನ ಸಲದ ಶುಲ್ಕ 150 ರೂಪಾಯಿ ಎಂದಿಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಮ್ಮ ಕಾರ್ಡಿನ ಶುಲ್ಕಪಟ್ಟಿ ನೋಡಿ ಬದಲಿಸಿಕೊಳ್ಳಬೇಕು.

2,000 ಬಾತ್ ತೆಗೆದರೆ ಯಂತ್ರ ತನ್ನ 220ನ್ನೂ ಸೇರಿಸಿ 2,220 ಬಾತ್ ಎಂದು ಕಳಿಸುತ್ತದೆ. ಅದು 5,550 ರೂಪಾಯಿ. ಗಮನಿಸಬೇಕಾದ ಸೂಕ್ಷ್ಮವೊಂದಿದೆ: ನಮ್ಮ ಬ್ಯಾಂಕು ಮಾರ್ಕಪ್ ಹಾಕುವುದು ಈ ಇಡೀ 5,550ರ ಮೇಲೆ, ಅಂದರೆ ಥಾಯ್ ಬ್ಯಾಂಕಿಗೆ ನಾವು ತೆತ್ತ ಶುಲ್ಕದ ಮೇಲೂ. ಅದು 194 ರೂಪಾಯಿ, ಜಿಎಸ್‌ಟಿ 35, ಸಲದ ಶುಲ್ಕ ತೆರಿಗೆ ಸಹಿತ 177. ಒಟ್ಟು 5,956. ಕೈಗೆ ಬಂದ 5,000 ರೂಪಾಯಿಗೆ 956 ಖರ್ಚು, ನೂರಕ್ಕೆ 19.

ಇದೇ ರೀತಿ 20,000 ಬಾತನ್ನು ಒಂದೇ ಸಲ ತೆಗೆದರೆ 20,220 ಬಾತ್, ಅಂದರೆ 50,550 ರೂಪಾಯಿ. ಮಾರ್ಕಪ್ 1,769, ಜಿಎಸ್‌ಟಿ 318, ಸಲದ ಶುಲ್ಕ ಅದೇ 177. ಒಟ್ಟು ಸುಮಾರು 52,815. ಐವತ್ತು ಸಾವಿರಕ್ಕೆ 2,815, ನೂರಕ್ಕೆ ಐದೂವರೆಗಿಂತ ತುಸು ಹೆಚ್ಚು. ಅದೇ ಇಪ್ಪತ್ತು ಸಾವಿರ ಬಾತನ್ನು ಎರಡೆರಡು ಸಾವಿರದಂತೆ ಹತ್ತು ಸಲ ತೆಗೆದವರು 59,562 ರೂಪಾಯಿ ಕೊಟ್ಟಿರುತ್ತಾರೆ. ವ್ಯತ್ಯಾಸ 6,700ಕ್ಕೂ ಹೆಚ್ಚು, ಹಣ ಮಾತ್ರ ಅಷ್ಟೇ.

ನಾನೇ ಮೊದಲ ಸಲ ಹೋದಾಗ ‘ಅಷ್ಟೊಂದು ನಗದು ಜೇಬಿನಲ್ಲಿ ಯಾಕೆ’ ಎಂಬ ಜಾಗ್ರತೆಯಿಂದ ಮೂರು ದಿನ ದಿನಕ್ಕೆ ಮೂರು ಸಾವಿರದಂತೆ ತೆಗೆದೆ. ಮೂರನೆಯ ದಿನ ಯಂತ್ರದ ಬಾಯಿಂದ ಬಂದ ಚೀಟಿಯನ್ನು ಸರಿಯಾಗಿ ಓದಿದಾಗ, ಯಂತ್ರದ ಬಾಡಿಗೆಗೇ 660 ಬಾತ್ ಸಂದಿದೆ ಎಂದು ಗೊತ್ತಾಯಿತು. ಅಲ್ಲಿಯ ಗ್ರ್ಯಾಂಡ್ ಪ್ಯಾಲೆಸ್ ಅರಮನೆಯ ಪ್ರವೇಶಕ್ಕೆ ವಿದೇಶಿಯರು ಕೊಡುವ 500 ಬಾತ್ ದುಬಾರಿ ಎಂದು ಅಂದು ಬೆಳಿಗ್ಗೆಯಷ್ಟೇ ಗೊಣಗಿದ್ದೆ.

ಇನ್ನೂ ಒಂದು ಲೆಕ್ಕ ಬಾಕಿ ಇದೆ. ಮಾರ್ಕಪ್ ಇಲ್ಲದ ಕಾರ್ಡು ನಿಮ್ಮಲ್ಲಿದ್ದರೆ ಮೇಲಿನ ಎರಡನೆಯ ಉದಾಹರಣೆಯ 2,087 ರೂಪಾಯಿ (ಮಾರ್ಕಪ್ ಮತ್ತು ಅದರ ಜಿಎಸ್‌ಟಿ) ಪೂರ್ತಿ ಉಳಿಯುತ್ತದೆ. ಅದೇ ಕಾರ್ಡಿನಿಂದ 2,000 ಬಾತ್ ತೆಗೆದರೆ ಉಳಿಯುವುದು 229 ರೂಪಾಯಿ ಮಾತ್ರ. ಅಂದರೆ ಒಳ್ಳೆಯ ಕಾರ್ಡು ದೊಡ್ಡ ಮೊತ್ತಕ್ಕೆ ಒದಗುತ್ತದೆ. ಸಣ್ಣ ಸಣ್ಣದಾಗಿ ತೆಗೆಯುವವರನ್ನು ಯಾವ ಕಾರ್ಡೂ ಕಾಯುವುದಿಲ್ಲ.

ಪರದೆಯ ಮೇಲಿನ ಆ ಒಂದು ಪ್ರಶ್ನೆ

ಪಿನ್ ಒತ್ತಿ, ಮೊತ್ತ ಆರಿಸಿ, 220 ಬಾತ್ ಶುಲ್ಕಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಯಂತ್ರ ಇನ್ನೊಂದು ಪುಟ ತೋರಿಸುತ್ತದೆ. ಅಲ್ಲಿ ನಿಮ್ಮ ಮೊತ್ತ ರೂಪಾಯಿಯಲ್ಲಿ, ದರದ ಸಹಿತ ಕಾಣಿಸುತ್ತದೆ. ಕೆಳಗೆ ಎರಡು ಗುಂಡಿ. ಒಂದು ‘ಕನ್ವರ್ಷನ್’ ಸಹಿತ ಮುಂದುವರಿಸು ಎನ್ನುತ್ತದೆ, ಇನ್ನೊಂದು ‘ವಿತೌಟ್ ಕನ್ವರ್ಷನ್’ ಎನ್ನುತ್ತದೆ. ಕೆಲವು ಯಂತ್ರಗಳಲ್ಲಿ ಎರಡನೆಯದರ ಮೇಲೆ ‘ಡಿಕ್ಲೈನ್’ ಎಂದಿರುತ್ತದೆ. ಆಯ್ಕೆ ಮಾಡಬೇಕಾದದ್ದು ಈ ಎರಡನೆಯದನ್ನೇ. ಡಿಕ್ಲೈನ್ ಎಂದರೆ ವ್ಯವಹಾರವೇ ರದ್ದಾದೀತು ಎಂದು ಹೆದರಿ ಬೆರಳು ಮೊದಲನೆಯದಕ್ಕೆ ಹೋಗುತ್ತದೆ. ಹಿಂದೆ ನಾಲ್ಕು ಜನ ಸಾಲು ನಿಂತಿದ್ದರಂತೂ ಹೇಳುವುದೇ ಬೇಡ. ರದ್ದಾಗುವುದು ಪರಿವರ್ತನೆ ಮಾತ್ರ. ಹಣ ಬಂದೇ ಬರುತ್ತದೆ.

ಇದರ ಹೆಸರು ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಹ್ರಸ್ವವಾಗಿ ಡಿಸಿಸಿ. ಬಾತನ್ನು ರೂಪಾಯಿಗೆ ತಿರುಗಿಸುವ ಕೆಲಸವನ್ನು ಜಾಲದ ಕೈಯಿಂದ ಕಿತ್ತುಕೊಂಡು ಯಂತ್ರದ ಕಡೆಯವರೇ ತಮ್ಮ ದರದಲ್ಲಿ ಮಾಡುವುದು ಇದರ ಒಳಗುಟ್ಟು. ನಮ್ಮ ಉದಾಹರಣೆಯಲ್ಲಿ ಪರದೆಯ ಮೇಲೆ 2.65 ಎಂಬ ದರ ಕಂಡಿತೆನ್ನೋಣ. ಹದಿನೈದು ಪೈಸೆ ಏನು ಮಹಾ ಎನ್ನಿಸುತ್ತದೆ, ಆದರೆ ಅದು ಶೇ. 6. 20,220 ಬಾತ್‌ಗೆ 53,583 ರೂಪಾಯಿ ಆಯಿತು, 3,033 ಹೆಚ್ಚು. ನಮ್ಮ ದುಬಾರಿ ಡೆಬಿಟ್ ಕಾರ್ಡಿನ ಮಾರ್ಕಪ್ ಕೂಡ ಇದಕ್ಕಿಂತ ಅಗ್ಗ. ರೂಪಾಯಿಯಲ್ಲೇ ಕಡಿತವಾದ್ದರಿಂದ ನಮ್ಮ ಬ್ಯಾಂಕಿನ ಶುಲ್ಕವಾದರೂ ಉಳಿಯಿತಲ್ಲ ಎಂದು ಸಮಾಧಾನಪಡುವಂತೆಯೂ ಇಲ್ಲ. ವಿದೇಶದಲ್ಲಿ ರೂಪಾಯಿಯಲ್ಲಿ ನಡೆದ ವ್ಯವಹಾರಕ್ಕೂ ಶೇ. 1ರ ಆಸುಪಾಸಿನಲ್ಲಿ ಶುಲ್ಕ ಹಾಕುವ ಭಾರತೀಯ ಬ್ಯಾಂಕುಗಳಿವೆ.

ಅಂಗಡಿಗಳ ಕಾರ್ಡ್ ಯಂತ್ರದಲ್ಲಿಯೂ ಇದೇ ಪ್ರಶ್ನೆ ಬರುತ್ತದೆ, ಅನೇಕ ವೇಳೆ ಕೌಂಟರಿನವರೇ ನಮ್ಮ ಪರವಾಗಿ ರೂಪಾಯಿ ಒತ್ತಿಬಿಟ್ಟಿರುತ್ತಾರೆ. ಕಾರ್ಡು ಕೊಡುವಾಗಲೇ ‘ಬಾತ್’ ಎಂದು ಹೇಳಿ, ಚೀಟಿಯಲ್ಲಿ ಐಎನ್‌ಆರ್ (ಅಂದರೆ ರೂಪಾಯಿ) ಎಂದಿದ್ದರೆ ಸಹಿ ಹಾಕದೆ ರದ್ದು ಮಾಡಿಸುವುದು ಒಳ್ಳೆಯದು.

ಹೊರಡುವ ಮೊದಲು ಮನೆಯಲ್ಲಿ ಮಾಡುವ ಕೆಲಸ

ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು, ದಿನದ ಮಿತಿಯನ್ನೂ ನಾವೇ ಗೊತ್ತುಮಾಡಬೇಕು. ಈ ಮಿತಿ ಹತ್ತು ಸಾವಿರ ರೂಪಾಯಿ ಎಂದು ಉಳಿದಿದ್ದರೆ ಒಂದೇ ಸಲ ದೊಡ್ಡ ಮೊತ್ತ ತೆಗೆಯುವ ಉಪಾಯ ಅಲ್ಲಿಗೇ ಮುಗಿಯಿತು, ಹಾಗಾಗಿ ಮಿತಿ ಏರಿಸುವುದನ್ನು ಮರೆಯಬಾರದು. ಬ್ಯಾಂಕಿನ ಓಟಿಪಿ ಬರುವ ಸಿಮ್ ಅಲ್ಲಿ ಕೆಲಸ ಮಾಡದಿದ್ದರೆ ಇವನ್ನು ಆಮೇಲೆ ಬದಲಿಸುವುದು ಕಷ್ಟ.

ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯಲೇಬಾರದು. ಅಲ್ಲಿ ಮೇಲಿನ ಎಲ್ಲ ಕಡಿತಗಳ ಜೊತೆಗೆ ನಗದು ಮುಂಗಡದ ಶುಲ್ಕ ಸೇರುತ್ತದೆ, ಬಡ್ಡಿ ತೆಗೆದ ದಿನದಿಂದಲೇ ಓಡತೊಡಗುತ್ತದೆ. ಹೋಟೆಲು, ಮಾಲ್‌ಗಳಲ್ಲಿ ಉಜ್ಜಲು ಮಾತ್ರ ಅದು ಸರಿ. ಫಾರೆಕ್ಸ್ ಕಾರ್ಡಾದರೆ ಬಾತನ್ನೇ ತುಂಬಿಸಿಕೊಳ್ಳಬೇಕು. ಡಾಲರ್ ತುಂಬಿಸಿ ಬಾತ್ ತೆಗೆದರೆ ಕರೆನ್ಸಿ ದಾಟಿಸಿದ ಶುಲ್ಕ ಎಂದು ಮತ್ತೊಂದು ಶೇಕಡಾ ಕಡಿತ ಬೀಳುತ್ತದೆ.

ಎಟಿಎಂಗೆ ಹೋಗದೆಯೇ

ಸಲದ ಕಡಿತವನ್ನು ಸೊನ್ನೆ ಮಾಡುವ ದಾರಿ ಒಂದೇ, ನಗದು ಒಯ್ದು ಅಲ್ಲಿ ಬದಲಿಸುವುದು. ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ವಿದೇಶೀ ನೋಟು ಒಯ್ಯಲು ನಮ್ಮ ನಿಯಮದಲ್ಲಿ ಅವಕಾಶವಿದೆ, ಭಾರತೀಯ ನೋಟುಗಳನ್ನು 25,000 ರೂಪಾಯಿವರೆಗೆ ಒಯ್ಯಬಹುದು. ರೂಪಾಯಿಯನ್ನು ಬ್ಯಾಂಕಾಕ್‌ನ ವಿನಿಮಯ ಅಂಗಡಿಗಳು ತೆಗೆದುಕೊಳ್ಳುತ್ತವಾದರೂ ಡಾಲರಿಗೆ ಸಿಗುವಷ್ಟು ಒಳ್ಳೆಯ ದರ ಅದಕ್ಕೆ ಸಿಗದು. ಡಾಲರಿನಲ್ಲಿಯೂ ನೂರರ ನೋಟಿಗೆ ಒಂದು ದರ, ಸಣ್ಣ ನೋಟುಗಳಿಗೆ ಅದಕ್ಕಿಂತ ಕಡಿಮೆ ದರ. ಮಡಿಸಿದ, ಗೀಚಿದ ನೋಟನ್ನು ಬೆಳಕಿಗೆ ಹಿಡಿದು ನೋಡಿ ಹಿಂದಿರುಗಿಸುತ್ತಾರೆ. ಪಾಸ್‌ಪೋರ್ಟ್ ಜೊತೆಗಿರಬೇಕು.

ಅಂಗಡಿ ನ್ಯಾಯವಾದದ್ದೇ ಎಂದು ತಿಳಿಯಲು ಹೊರಗಿನ ಮಾಹಿತಿಯೇನೂ ಬೇಕಿಲ್ಲ, ಫಲಕದಲ್ಲಿರುವ ಎರಡು ಅಂಕಿ ಸಾಕು. ಡಾಲರನ್ನು ಅವರು 32.50ಕ್ಕೆ ಕೊಂಡು 32.60ಕ್ಕೆ ಮಾರುತ್ತಿದ್ದರೆ ಅಂತರ ಹತ್ತು ಸತಾಂಗ್ (ನೂರು ಸತಾಂಗ್ ಸೇರಿದರೆ ಒಂದು ಬಾತ್), ಅಂದರೆ ಅವರ ಲಾಭ ತೀರ ತೆಳು. ಇನ್ನೊಂದೆಡೆ 31ಕ್ಕೆ ಕೊಂಡು 34ಕ್ಕೆ ಮಾರುತ್ತಿದ್ದರೆ ನಡುವಿನ ದರ 32.50, ಅದರಿಂದ ನಿಮಗೆ ಒಂದೂವರೆ ಬಾತ್ ಕಡಿಮೆ, ಅಂದರೆ ನೂರಕ್ಕೆ ನಾಲ್ಕೂವರೆ. ‘ಕಮಿಷನ್ ಇಲ್ಲ’ ಎಂದು ಬರೆದಿರುವುದು ಬಹುಪಾಲು ಇಂತಹ ಕಡೆಯೇ. ಸುವರ್ಣಭೂಮಿ ನಿಲ್ದಾಣದಲ್ಲಿ ವಿಮಾನದಿಂದ ಇಳಿದು ಬರುವ ದಾರಿಯ ಕೌಂಟರುಗಳನ್ನು ದಾಟಿ, ನಗರಕ್ಕೆ ಹೋಗುವ ರೈಲಿನ ನೆಲಮಾಳಿಗೆಗೆ ಇಳಿದರೆ ಅಲ್ಲಿಯ ಸಾಲು ಅಂಗಡಿಗಳಲ್ಲಿ ಊರೊಳಗಿನ ದರಕ್ಕೆ ಸಮೀಪದ ದರ ಸಿಗುತ್ತದೆ. ಎರಡು ಮಹಡಿ ಇಳಿಯುವ ಶ್ರಮಕ್ಕೆ ಇಷ್ಟು ಕೂಲಿ ಬೇರೆಲ್ಲೂ ಸಿಗದು.

ನಗದು ಎಷ್ಟು ಬೇಕು ಎಂಬುದು ತಿರುಗುವ ಜಾಗದ ಮೇಲಿದೆ. ಎಂಆರ್‌ಟಿ ಮೆಟ್ರೋದ ನೀಲಿ ಮಾರ್ಗದ ಗೇಟಿಗೆ ಕಾರ್ಡು ತಾಗಿಸಿ ಹೋಗಬಹುದು. ಆದರೆ ಯಾವೊರಾತ್‌ನ ಬೀದಿ ತಿಂಡಿ, ಚತುಚಾಕ್ ಸಂತೆ, ನದಿಯ ದೋಣಿ, ಟುಕ್‌ಟುಕ್ ಎಲ್ಲವೂ ನಗದಿನ ಲೋಕ. ತಳ್ಳುಗಾಡಿಗಳ ಮೇಲೆ ಅಂಟಿಸಿದ ಕ್ಯೂಆರ್ ಚೀಟಿ ನೋಡಿ ಜಯನಗರದ ನೆನಪಾಗಿ ಫೋನ್ ತೆಗೆಯುವವರಿದ್ದಾರೆ. ಅದು ಥಾಯ್ಲೆಂಡಿನ ಪ್ರಾಂಪ್ಟ್‌ಪೇ, ನಮ್ಮ ಯುಪಿಐ ಅಲ್ಲ. ಐದಾರು ದಿನದ ಪ್ರವಾಸಕ್ಕೆ ನಾನೀಗ ಅನುಸರಿಸುವ ಕ್ರಮ ಹೀಗಿದೆ: ಬೀದಿಯ ಖರ್ಚಿಗೆ ನೂರರ ಮೂರು ನಾಲ್ಕು ಡಾಲರ್ ನೋಟು, ದೊಡ್ಡ ಬಿಲ್ಲುಗಳಿಗೆ ಮಾರ್ಕಪ್ ಇಲ್ಲದ ಕಾರ್ಡು, ಎಟಿಎಂ ಆಪತ್ಕಾಲಕ್ಕೆ ಮಾತ್ರ.

ಆ ಆಪತ್ಕಾಲ ಬಂದರೆ, ಬ್ಯಾಂಕಿನ ಶಾಖೆಗೆ ಅಂಟಿಕೊಂಡ ಯಂತ್ರಕ್ಕೆ, ಶಾಖೆ ತೆರೆದಿರುವ ಹೊತ್ತಿನಲ್ಲಿ ಹೋಗಬೇಕು. ಕಾರ್ಡು ಸಿಕ್ಕಿಕೊಂಡರೆ ಒಳಗೆ ಹೋಗಿ ಕೇಳಬಹುದು. ಕೆಲವು ಯಂತ್ರಗಳು ಹಣವನ್ನು ಮೊದಲು ಕೊಟ್ಟು ಕಾರ್ಡನ್ನು ಆಮೇಲೆ ಕೊಡುತ್ತವೆ, ನೋಟು ಎಣಿಸುತ್ತ ಹೊರಟುಬಿಡುವವರಿಗೆ ಇದು ಬಲೆ. ಹಣ ಬಾರದೆ ಖಾತೆಯಲ್ಲಿ ಕಡಿತವಾದರೆ ದೂರು ಕೊಡಬೇಕಾದದ್ದು ನಮ್ಮ ಬ್ಯಾಂಕಿಗೆ. ಯಂತ್ರದ ಗುರುತು ಸಂಖ್ಯೆ, ಹೊತ್ತು ಎರಡೂ ಚೀಟಿಯಲ್ಲೇ ಇರುವುದರಿಂದ ಅದನ್ನು ಎಸೆಯದೆ ಫೋಟೋ ತೆಗೆದಿಟ್ಟುಕೊಳ್ಳಬೇಕು.

ಉಳಿದ ನೋಟುಗಳನ್ನು ಬದಲಿಸಿದ ಅಂಗಡಿಯಲ್ಲಿಯೇ ಮರಳಿ ಕೊಡಬಹುದು, ಮೇಲೆ ಹೇಳಿದ ತೆಳು ಅಂತರ ಆಗ ಇನ್ನೊಮ್ಮೆ ನೆರವಾಗುತ್ತದೆ. ನಾಣ್ಯಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕೊನೆಯ ದಿನ ಫಯಾ ಥಾಯ್ ನಿಲ್ದಾಣದ ಟಿಕೆಟ್ ಯಂತ್ರಕ್ಕೆ ನಾಣ್ಯಗಳನ್ನು ಒಂದೊಂದಾಗಿ ಹಾಕಿ 45 ಬಾತ್ ತುಂಬಿಸಿದರೆ, ವಿಮಾನ ನಿಲ್ದಾಣದ ರೈಲಿಗೆ ಪ್ಲಾಸ್ಟಿಕ್ ಟೋಕನ್ ಉರುಳಿ ಬರುತ್ತದೆ.